ಪ್ಯಾಕೆಟ್ ಸೂಪು, ಟಿನ್ ಸೂಪು: ಕ್ಯಾಲೊರಿ ಕಮ್ಮಿ, ಉಪ್ಪು ಜಾಸ್ತಿ. ಡಯಟ್‌ನಲ್ಲಿ ಹೊಂದಿಸೋದು ಹೇಗೆ?

ಕುವೆಂಪುನಗರ_ಸಂಜೆ
ನಮಸ್ಕಾರ. ದಿನಕ್ಕೆ 1400 ಕ್ಯಾಲೊರಿ ಡಯಟ್. ರಾತ್ರಿ ಊಟಕ್ಕೆ ಮುಂಚೆ ಒಂದು ಬಟ್ಟಲು ಸೂಪು, ಕೆಲವು ದಿನ ಪ್ಯಾಕೆಟ್ ಪುಡಿ, ಕೆಲವು ದಿನ ಟಿನ್. ಕ್ಯಾಲೊರಿ 40ರಿಂದ 80 ಅಷ್ಟೇ ಇರುತ್ತೆ, ಹೊಟ್ಟೆಗೂ ಆಧಾರ. ಆದರೆ ಅದೇ ಲೇಬಲ್‌ನಲ್ಲಿ ಸೋಡಿಯಂ ಸಾಲು ನೋಡಿದರೆ ಭಯ ಆಗುತ್ತೆ. ನೀರು ಜಾಸ್ತಿ ಹಾಕಿದರೆ ಸರಿಹೋಗುತ್ತಾ? ಲೇಬಲ್‌ನಲ್ಲಿ ಯಾವ ಅಂಕಿ ಹಿಡೀಬೇಕು? ಮನೇಲಿ ಮುದ್ದೆ, ಸಾರು, ಪಲ್ಯ ಎಲ್ಲ ಇರುವಾಗ ಸೂಪಿಗೆ ಅಂತ ಎಷ್ಟು ಉಪ್ಪು ಬಿಡಬಹುದು?

ತಕ್ಕಡಿ_ಮಂಡ್ಯ
ಮೊದಲು ಮಿತಿ ಗೊತ್ತಿರಲಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ 2000 ಮಿಲಿಗ್ರಾಂ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಅಷ್ಟೇ, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಲೇಬಲ್‌ನಲ್ಲಿ ಶೇಕಡಾವಾರು ಲೆಕ್ಕ ಹಾಕೋದೂ ಅದರ ಮೇಲೇ. ಸೋಡಿಯಂ ಅನ್ನು 2.5ರಿಂದ ಗುಣಿಸಿದರೆ ಉಪ್ಪು ಬರುತ್ತೆ. 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು. ಈ ಒಂದು ಲೆಕ್ಕ ಬಾಯಿಗೆ ಬಂದರೆ ಸಾಕು.

ಈಗ ಪ್ಯಾಕೆಟ್. ಉದಾಹರಣೆಗೆ 44 ಗ್ರಾಂ ಪ್ಯಾಕೆಟ್ ಅಂತ ಇಟ್ಕೊಳ್ಳಿ, ಹಿಂದೆ "100 ಗ್ರಾಂಗೆ 340 ಕ್ಯಾಲೊರಿ, ಸೋಡಿಯಂ 5000 ಮಿಲಿಗ್ರಾಂ" ಅಂತ ಇದೆ. ಪೂರ್ತಿ ಪ್ಯಾಕೆಟ್‌ಗೆ 150 ಕ್ಯಾಲೊರಿ, 2200 ಮಿಲಿಗ್ರಾಂ ಸೋಡಿಯಂ ಆಯ್ತು. ಮುಂದೆ ದಪ್ಪಕ್ಷರದಲ್ಲಿ "4 ಜನಕ್ಕೆ" ಅಂತ ಇರುತ್ತೆ. ನಾಲ್ಕು ಜನ ಕುಡಿದರೆ ತಲಾ 37 ಕ್ಯಾಲೊರಿ, 550 ಮಿಲಿಗ್ರಾಂ. ಆದರೆ ಆ "ಒಂದು ಜನ" ಅನ್ನೋದು ಸಣ್ಣ ಕಪ್ಪು. ಮನೆಯ ದೊಡ್ಡ ಬಟ್ಟಲಲ್ಲಿ ಇಬ್ಬರೇ ಖಾಲಿ ಮಾಡಿದರೆ ತಲಾ 1100. ಒಬ್ಬರೇ ಕುಡಿದರೆ 2200, ದಿನದ ಕೋಟಾ ಅಲ್ಲೇ ದಾಟಿತು. ಕ್ಯಾಲೊರಿ ಮಾತ್ರ 150 ಅಷ್ಟೇ, ಅದಕ್ಕೇ ಡಯಟ್ ಮಾಡೋರು ಈ ತಪ್ಪನ್ನ ಗಮನಿಸೋದೇ ಇಲ್ಲ.

ನೀರಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಪುಡಿಯಲ್ಲಿ ಇರೋ ಉಪ್ಪು ಅಷ್ಟೇ. ಎರಡು ಲೋಟ ನೀರು ಜಾಸ್ತಿ ಹಾಕಿ ಪೂರ್ತಿ ನೀವೇ ಕುಡಿದರೆ ಹೊಟ್ಟೆಗೆ ಹೋಗೋದು ಅದೇ 2200. ನೀರು ಬೆರೆಸಿ ಅರ್ಧ ತೆಗೆದಿಟ್ಟರೆ ಮಾತ್ರ ಪ್ರಯೋಜನ. ಹೋಟೆಲ್‌ನಲ್ಲಿ ಕೇಳೋ ಹಾಗೆ "ಬೈ ಟು" ಮಾಡಿ, ಬೈ ಫೋರ್ ಆದರೆ ಇನ್ನೂ ಒಳ್ಳೇದು.

ಕುವೆಂಪುನಗರ_ಸಂಜೆ
ಕೆಲವು ಪ್ಯಾಕೆಟ್‌ನಲ್ಲಿ 100 ಗ್ರಾಂಗೆ 5000 ಅಂತ ಇರುತ್ತೆ, ಕೆಲವದರಲ್ಲಿ 280–300 ಅಂತ ಇರುತ್ತೆ. ಎರಡನೇದು ಕಡಿಮೆ ಉಪ್ಪಿನದಾ?

ತಕ್ಕಡಿ_ಮಂಡ್ಯ
ಅಲ್ಲ. ಮೊದಲನೇದು ಪುಡಿಯ ಲೆಕ್ಕ, ಎರಡನೇದು ನೀರು ಬೆರೆಸಿ ಕುದಿಸಿದ ಸೂಪಿನ 100 ಮಿಲೀ ಲೆಕ್ಕ. ಅಂಕಿಯ ಮೇಲಿರೋ ಸಣ್ಣ ಸಾಲಿನಲ್ಲಿ "ತಯಾರಿಸಿದ ನಂತರ" ಅಂತ ಇದೆಯಾ ನೋಡಿ. ಹಾಗಿದ್ದರೆ ನಿಮ್ಮ ಬಟ್ಟಲು ಎಷ್ಟು ಮಿಲೀ ಹಿಡಿಯುತ್ತೆ ಅಂತ ಅಳತೆ ಲೋಟದಲ್ಲಿ ಒಂದು ಸಲ ನೀರು ಸುರಿದು ನೋಡಿಬಿಡಿ. 250 ಮಿಲೀ ಬಟ್ಟಲು, 100 ಮಿಲೀಗೆ 290 ಅಂದರೆ 725 ಮಿಲಿಗ್ರಾಂ. ಮನೆಯ ಸ್ಟೀಲ್ ಬಟ್ಟಲುಗಳು 150ರಿಂದ 400 ಮಿಲೀವರೆಗೂ ಇರುತ್ತವೆ, ಕಣ್ಣಂದಾಜು ಸಾಲದು.

ಯಾದವಗಿರಿ_ರಿಟಾರ್ಟ್
ಟಿನ್ ಬಗ್ಗೆ ನಾನು ಸೇರಿಸ್ತೀನಿ. ಟಿನ್‌ನಲ್ಲಿ ಉಪ್ಪು ಜಾಸ್ತಿ ಇರೋದು ಸೂಪು ಕೆಡದೆ ಇರಲಿ ಅಂತ ಅನ್ನೋದು ತಪ್ಪು ಕಲ್ಪನೆ. ಟಿನ್ ಕೆಡದೆ ಉಳಿಯೋದು ರಿಟಾರ್ಟ್‌ನಿಂದ. ಗಾಳಿಯಾಡದ ಹಾಗೆ ಮುಚ್ಚಿ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸ್ತಾರೆ, ಮುಚ್ಚಿದ ಟಿನ್‌ನಲ್ಲಿ ವಿಷ ಹುಟ್ಟಿಸೋ ಬಾಟುಲಿನಂ ಬ್ಯಾಕ್ಟೀರಿಯಾದ ಬೀಜಾಣು ಸಾಯೋದಕ್ಕೆ. ಇದೇ ವಿಧಾನದ ಪೌಚ್‌ಗಳ ಮೇಲೆ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ (ಡಿಎಫ್‌ಆರ್‌ಎಲ್) ಸೈನಿಕರ ಊಟಕ್ಕಾಗಿ ಬಹಳ ಕೆಲಸ ಮಾಡಿದೆ. ಪುಡಿ ಕೆಡದೆ ಇರೋದು ಅದರಲ್ಲಿ ತೇವ ಇಲ್ಲದ ಕಾರಣಕ್ಕೆ. ಎರಡರಲ್ಲೂ ಉಪ್ಪು ಮುಖ್ಯವಾಗಿ ರುಚಿಗೆ. ಅಷ್ಟು ಕಾವಿನಲ್ಲಿ ಬೆಂದ ತರಕಾರಿಯ ಘಮ ಹೋಗಿರುತ್ತೆ, ಒಣಗಿಸಿದ ತರಕಾರಿಯದ್ದೂ ಹಾಗೇ. ಆ ಸಪ್ಪೆತನವನ್ನ ಉಪ್ಪು, ಎಂಎಸ್‌ಜಿ (ಅಜಿನೊಮೊಟೊ ಅಂತಾರಲ್ಲ, ಅದು), ಸಕ್ಕರೆ ಮುಚ್ಚಿಕೊಡುತ್ತವೆ. ಇದು ತಿಳಿದರೆ ಒಂದು ಧೈರ್ಯ ಬರುತ್ತೆ: ಉಪ್ಪು ಇಳಿಸಿದರೆ ಸುರಕ್ಷತೆ ಹೋಗಲ್ಲ, ರುಚಿ ಮಾತ್ರ ಹೋಗುತ್ತೆ. ರುಚಿಯನ್ನ ಬೇರೆ ದಾರಿಯಲ್ಲಿ ತರಬಹುದು.

ಹೊರದೇಶದ ಟಿನ್ ತಗೊಳ್ಳುವಾಗ ಮೂರು ಕಡೆ ಎಡವುತ್ತಾರೆ. ಒಂದು, "ಕಂಡೆನ್ಸ್ಡ್" ಅಂದರೆ ಗಟ್ಟಿ ಸೂಪು. ಅದಕ್ಕೆ ಸಮ ಪ್ರಮಾಣದ ನೀರು ಬೆರೆಸಲೇಬೇಕು. 305 ಗ್ರಾಂನ ಸಣ್ಣ ಟಿನ್ ಒಬ್ಬರಿಗೆ ಅನ್ಸುತ್ತೆ, ಲೇಬಲ್ ಪ್ರಕಾರ ಅದು ಎರಡೂವರೆ ಜನಕ್ಕೆ. ತಲಾ 700 ಮಿಲಿಗ್ರಾಂ ಅಂತ ಬರೆದಿದ್ದರೆ ಇಡೀ ಟಿನ್ 1750. ಎರಡು, ಅಮೆರಿಕದ ಲೇಬಲ್‌ನ ಶೇಕಡಾವಾರು 2300 ಮಿಲಿಗ್ರಾಂ ಮೇಲೆ, ನಮ್ಮದು 2000 ಮೇಲೆ. ಅಲ್ಲಿನ 20% ಅಂದರೆ 460 ಮಿಲಿಗ್ರಾಂ, ನಮ್ಮ ಲೆಕ್ಕಕ್ಕೆ 23%. ಮೂರು, ಯೂರೋಪ್ ಮತ್ತು ಬ್ರಿಟನ್ ಲೇಬಲ್‌ನಲ್ಲಿ ಸೋಡಿಯಂ ಬದಲು "ಸಾಲ್ಟ್" ಅಂತ ಗ್ರಾಂನಲ್ಲಿ ಹಾಕ್ತಾರೆ. 1.5 ಅಂತ ಕಂಡು "ಅಬ್ಬಾ, ಎಷ್ಟು ಕಡಿಮೆ" ಅನ್ಕೋಬೇಡಿ, 2.5ರಿಂದ ಭಾಗಿಸಿ: 600 ಮಿಲಿಗ್ರಾಂ ಸೋಡಿಯಂ.

ಹೆಬ್ಬಾಳ_ಲೇಔಟ್_7
"ಲೋ ಸೋಡಿಯಂ", "ರೆಡ್ಯೂಸ್ಡ್ ಸೋಡಿಯಂ", "ನೋ ಎಂಎಸ್‌ಜಿ" — ಮೂರೂ ಒಂದೇನಾ ಸರ್?

ಯಾದವಗಿರಿ_ರಿಟಾರ್ಟ್
ಮೂರೂ ಬೇರೆ ಬೇರೆ. ನಮ್ಮಲ್ಲಿ "ಲೋ ಸೋಡಿಯಂ" ಅನ್ನಬೇಕಾದರೆ 100 ಗ್ರಾಂ ಅಥವಾ 100 ಮಿಲೀಗೆ 120 ಮಿಲಿಗ್ರಾಂ ದಾಟಬಾರದು. 250 ಮಿಲೀ ಬಟ್ಟಲಿಗೆ 300 ಆಯ್ತು, ಒಳ್ಳೆ ಆಯ್ಕೆ. ಅಮೆರಿಕದ ಟಿನ್‌ನಲ್ಲಿ ಅದೇ ಮಾತಿಗೆ ಒಂದು ಸರ್ವಿಂಗ್‌ಗೆ 140 ಮಿಲಿಗ್ರಾಂ ಮಿತಿ. "ರೆಡ್ಯೂಸ್ಡ್" ಅಂದರೆ ಅದೇ ಕಂಪನಿಯ ಮಾಮೂಲಿ ಸೂಪಿಗಿಂತ ಕನಿಷ್ಠ 25% ಕಡಿಮೆ, ಅಷ್ಟೇ. ಮಾಮೂಲಿಯದು 800 ಇದ್ದರೆ ಇದು 600, ಇನ್ನೂ ಜಾಸ್ತಿಯೇ.

"ನೋ ಎಂಎಸ್‌ಜಿ" ನೋಡಿ ಉಪ್ಪು ಕಡಿಮೆ ಅನ್ಕೊಳ್ಳೋದು ಸರಿಯಲ್ಲ. ಅಡುಗೆ ಉಪ್ಪಿನಲ್ಲಿ ಸುಮಾರು 39% ಸೋಡಿಯಂ, ಎಂಎಸ್‌ಜಿಯಲ್ಲಿ ಸುಮಾರು 12%. ಎಂಎಸ್‌ಜಿ ತೆಗೆದು ಆ ರುಚಿಗೆ ಉಪ್ಪು ಜಾಸ್ತಿ ಹಾಕಿದ್ದರೆ ಸೋಡಿಯಂ ಏರಿರುತ್ತೆ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರೋದು ಮೊದಲು ಬರುತ್ತೆ. ಮೆಕ್ಕೆಜೋಳದ ಪಿಷ್ಟ, ಸಕ್ಕರೆ, ಉಪ್ಪು ಈ ಮೂರೂ ತರಕಾರಿಗಿಂತ ಮುಂಚೆ ಇದ್ದರೆ ಆ ಸೂಪು ಏನು ಅಂತ ಗೊತ್ತಾಯ್ತಲ್ಲ. ಸೇರ್ಪಡೆ ಪದಾರ್ಥಗಳಿಗೆ ಕೊಡೋ ಐಎನ್‌ಎಸ್ 621, 631, 331 ಅಂತ ನಂಬರ್ ಹುಡುಕಿ ಒಂದೊಂದನ್ನೇ ಕೂಡೋ ಅಗತ್ಯ ಇಲ್ಲ, ಪೋಷಕಾಂಶದ ಪಟ್ಟಿಯ ಸೋಡಿಯಂ ಅಂಕಿಯಲ್ಲಿ ಎಲ್ಲ ಸೇರಿರುತ್ತೆ.

ಡಯಟ್_ಕೌಂಟರ್
ಕ್ಯಾಲೊರಿ ಕಡೆ ಮಾತಾಡೋಣ. ಊಟಕ್ಕೆ ಮುಂಚೆ ಸೂಪು ಕುಡಿಯೋದು ಒಳ್ಳೆ ಅಭ್ಯಾಸವೇ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟಕ್ಕೆ ಮುಂಚೆ ಕಡಿಮೆ ಕ್ಯಾಲೊರಿಯ ಸೂಪು ಕುಡಿದವರು ಸೂಪನ್ನೂ ಸೇರಿಸಿ ಆ ಊಟದಲ್ಲಿ ಸುಮಾರು 20% ಕಡಿಮೆ ಕ್ಯಾಲೊರಿ ತಿಂದರು. ತಿಳಿ ಸಾರು, ತರಕಾರಿ ಬೇರೆ ಬೇರೆಯೋ, ಹೋಳು ಹೋಳೋ, ನುಣ್ಣಗೆ ರುಬ್ಬಿದ್ದೋ, ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹಾಗಾಗಿ ಕ್ರೀಮ್ ಸೂಪೇ ಆಗಬೇಕು ಅಂತೇನಿಲ್ಲ.

ಕ್ಯಾಲೊರಿ ಏರೋದು ಮೇಲೆ ಹಾಕೋದರಿಂದ, ಜೊತೆಗೆ ತಿನ್ನೋದರಿಂದ. 10 ಗ್ರಾಂ ಬೆಣ್ಣೆಗೆ 72, ಒಂದು ದೊಡ್ಡ ಚಮಚ ಫ್ರೆಶ್ ಕ್ರೀಮ್‌ಗೆ 35ರ ಹತ್ತಿರ, ಗಟ್ಟಿಯಾಗಲಿ ಅಂತ ಹಾಕೋ 10 ಗ್ರಾಂ ಕಾರ್ನ್‌ಫ್ಲೋರ್‌ಗೆ 36. ಎರಡು ಸ್ಲೈಸ್ ಬ್ರೆಡ್ ಅಂದರೆ 150ರ ಆಸುಪಾಸು, ಜೊತೆಗೆ ಬ್ರೆಡ್‌ನಲ್ಲಿ ಸೋಡಿಯಂ ಕೂಡ ಇದೆ. ಸೂಪಿಗೆ ಜೊತೆಯಾಗಿ ಮದ್ದೂರು ವಡೆ ಮುರಿದು ಹಾಕಿಕೊಂಡರೆ 40 ಕ್ಯಾಲೊರಿಯ ಸೂಪು ಎಣ್ಣೆತಿಂಡಿಯ ಊಟ ಆಗುತ್ತೆ. ಮನೇಲಿ ಚೈನೀಸ್ ಮಂಚೋ ಸೂಪಿನ ಥರ ಮಾಡೋರು ಸೋಯಾ ಸಾಸ್ ಮೇಲೆ ಕಣ್ಣಿಡಿ, ಒಂದು ದೊಡ್ಡ ಚಮಚದಲ್ಲೇ 900 ಮಿಲಿಗ್ರಾಂ ಹತ್ತಿರ ಸೋಡಿಯಂ.

ಎರಡನ್ನೂ ಒಟ್ಟಿಗೆ ತೂಗೋಕೆ ಒಂದು ಅಳತೆ ಇದೆ: ಸೋಡಿಯಂ ಅನ್ನು ಕ್ಯಾಲೊರಿಯಿಂದ ಭಾಗಿಸಿ. 1400 ಕ್ಯಾಲೊರಿ, 2000 ಮಿಲಿಗ್ರಾಂ ಅಂದರೆ ದಿನದ ಸರಾಸರಿ ಕ್ಯಾಲೊರಿಗೆ 1.4 ಮಿಲಿಗ್ರಾಂ. ಮೇಲಿನ ಉದಾಹರಣೆಯ ಸೂಪಿನಲ್ಲಿ 550 ಭಾಗಿಸು 37, ಹತ್ತಿರ ಹತ್ತಿರ 15. ಸರಾಸರಿಯ ಹತ್ತು ಪಟ್ಟು. ಇದನ್ನ ಸರಿದೂಗಿಸೋಕೆ ಸೂಪಿನೊಳಗೇ ಉಪ್ಪಿಲ್ಲದ ಕ್ಯಾಲೊರಿ ಸೇರಬೇಕು, ಬೇಳೆ, ಕಾಳು, ಮೊಟ್ಟೆ, ಕೋಳಿ ಇಂಥದ್ದು. ಕ್ಯಾಲೊರಿ ಸ್ವಲ್ಪ ಏರಿದರೂ ಚಿಂತೆ ಬೇಡ, ಹಸಿವು ತಡೆಯೋದು ಪ್ರೋಟೀನ್; 37 ಕ್ಯಾಲೊರಿಯ ಪಿಷ್ಟದ ನೀರು ಹೆಚ್ಚು ಹೊತ್ತು ತಡೆಯಲ್ಲ.

ಮದ್ದೂರು_ಬಸ್ಸಾರು
ಅದಕ್ಕೆ ನಮ್ ಕಡೆ ದಾರಿ ಮನೇಲೇ ಐತೆ: ಕಟ್ಟು. ಬಸ್ಸಾರಿಗೆ ಬೇಳೆ, ಸೊಪ್ಪು ಬೇಯಿಸಿ ಬಸೀತೀವಲ್ಲ, ಆ ನೀರು. ಅವತ್ತು ಉಪ್ಪು ಹಾಕದೆ ಬೇಯಿಸಿ, ಬಸಿದ ಮೇಲೆ ಸಾರಿಗೂ ಪಲ್ಯಕ್ಕೂ ಬೇರೆ ಬೇರೆ ಉಪ್ಪು ಹಾಕ್ಕೊಳ್ಳಿ. ಸೂಪಿಗೆ ತೆಗೆದಿಟ್ಟ ಕಟ್ಟು ಉಪ್ಪಿಲ್ಲದೆ ಉಳೀತದೆ.

ಇಬ್ಬರಿಗೆ ಲೆಕ್ಕ. 30 ಗ್ರಾಂ ತೊಗರಿಬೇಳೆ ತೊಳೆದು, ಎರಡೂವರೆ ಲೋಟ ನೀರು, ಚಿಟಿಕೆ ಅರಿಶಿನ, ಎರಡು ಎಸಳು ಬೆಳ್ಳುಳ್ಳಿ ಹಾಕಿ ಕುಕ್ಕರ್‌ನಲ್ಲಿ ಮೂರು ನಾಲ್ಕು ವಿಷಲ್. ಬೇಳೆ ಕರಗೋ ಹಾಗೆ ಮಸೀರಿ, ಗಟ್ಟಿತನ ಅದರಿಂದಲೇ ಬತ್ತದೆ, ಕಾರ್ನ್‌ಫ್ಲೋರ್ ಬೇಡ. ಅದಕ್ಕೆ ಸಣ್ಣಗೆ ಹೆಚ್ಚಿದ 200 ಗ್ರಾಂ ತರಕಾರಿ, ಬೀನ್ಸು, ಕ್ಯಾರೆಟ್ಟು, ಸೋರೆಕಾಯಿ, ಹೀರೆಕಾಯಿ ಯಾವುದಾದ್ರೂ ಆಯ್ತದೆ. ಏಳೆಂಟು ನಿಮಿಷ ಬೇಯಲಿ. ಸೂಪ್ ಪುಡಿ ಕಾಲು ಪ್ಯಾಕೆಟ್ಟು, 11 ಗ್ರಾಂ ಮಾತ್ರ. ಅದನ್ನ ಅರ್ಧ ಲೋಟ ತಣ್ಣೀರಲ್ಲಿ ಕದಡಿ, ಆಮೇಲೆ ಸುರೀರಿ. ಕುದಿಯೋ ಕಟ್ಟಿಗೆ ಒಣಪುಡಿ ಸುರಿದರೆ ಹೊರಗಿನ ಪಿಷ್ಟ ತಕ್ಷಣ ಬೆಂದು ಒಳಗೆ ಪುಡಿ ಹಂಗೇ ಗಂಟು ಕಟ್ತದೆ. ಮೂರು ನಿಮಿಷ ಕುದಿಸಿ ಇಳಿಸಿ.

ಬೇರೆ ಉಪ್ಪು ಹಾಕಬೇಡಿ. ಇಳಿಸಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ, ಕುಟ್ಟಿದ ಮೆಣಸು ಕಾಲು ಚಮಚ, ಹುರಿದ ಜೀರಿಗೆಪುಡಿ ಚಿಟಿಕೆ, ಕೊತ್ತಂಬರಿ ಸೊಪ್ಪು. ನಿಂಬೆ ಒಲೆ ಮೇಲಿರುವಾಗ ಹಾಕಿದ್ರೆ ಘಮ ಹೋಯ್ತದೆ. ಹುಳಿ, ಖಾರ ಎರಡೂ ಸೇರಿದರೆ ಉಪ್ಪು ಕಡಿಮೆ ಅನ್ನೋದು ನಾಲಿಗೆಗೆ ಅಷ್ಟಾಗಿ ಗೊತ್ತಾಗಲ್ಲ.

ತಕ್ಕಡಿ_ಮಂಡ್ಯ
ಲೆಕ್ಕ ಹಾಕಿದೆ. ಬೇಳೆ 100 ಕ್ಯಾಲೊರಿ, ತರಕಾರಿ 50, ಪುಡಿ 37, ಒಟ್ಟು 190ರ ಒಳಗೆ, ತಲಾ 95. ಸೋಡಿಯಂ ಪುಡಿಯಿಂದ 550, ತಲಾ 275. ತರಕಾರಿಯದು ಸಹಜವಾಗಿ ಸ್ವಲ್ಪ ಸೇರುತ್ತೆ, 300 ಅಂತ ಇಟ್ಕೊಳ್ಳಿ. ಕ್ಯಾಲೊರಿಗೆ 15 ಇದ್ದದ್ದು 3ಕ್ಕೆ ಇಳಿಯಿತು, ಬಟ್ಟಲು ಮೊದಲಿಗಿಂತ ದೊಡ್ಡದು.

ಕಾಲು ಪ್ಯಾಕೆಟ್ ಅಳೆಯುವಾಗ ಒಂದು ಎಚ್ಚರ. ಸಾಗಾಟದಲ್ಲಿ ಅಲುಗಾಡಿ ಉಪ್ಪಿನ ಹರಳು ತಳಕ್ಕೆ ಇಳಿದಿರುತ್ತೆ, ಒಣ ತರಕಾರಿ ಚೂರು ಮೇಲೆ ನಿಂತಿರುತ್ತೆ. ಮೇಲಿಂದ ಚಮಚದಲ್ಲಿ ತೆಗೆದರೆ ಮೊದಲ ದಿನ ಸಪ್ಪೆ, ಕೊನೆಯ ದಿನ ಉಪ್ಪಿನ ಮಡು. ಪೂರ್ತಿ ಪ್ಯಾಕೆಟ್ ಒಣ ಬಟ್ಟಲಿಗೆ ಸುರಿದು, ಚೆನ್ನಾಗಿ ಕಲಸಿ, ತಕ್ಕಡಿಯಲ್ಲಿ ನಾಲ್ಕು ಪಾಲು ಮಾಡಿ, ಸಣ್ಣ ಡಬ್ಬಿಗಳಲ್ಲಿ ಬಿಗಿಯಾಗಿ ಮುಚ್ಚಿಡಿ. ಒದ್ದೆ ಚಮಚ ತಾಗಿದರೆ ಪುಡಿ ಕಲ್ಲಾಗುತ್ತೆ.

ಹೆಬ್ಬಾಳ_ಲೇಔಟ್_7
ಟಿನ್ ಸೂಪಿಗೆ ಆಲೂಗಡ್ಡೆ ಹಾಕಿ ಕುದಿಸಿ ತೆಗೆದರೆ ಉಪ್ಪು ಹೀರ್ಕೊಳ್ಳುತ್ತಂತೆ, ನಿಜಾನಾ?

ಯಾದವಗಿರಿ_ರಿಟಾರ್ಟ್
ಆಲೂಗಡ್ಡೆ ಉಪ್ಪನ್ನ ಮಾತ್ರ ಆರಿಸಿ ಹೀರಲ್ಲ, ಉಪ್ಪುನೀರನ್ನ ಹಾಗೇ ಹೀರುತ್ತೆ. ಉಳಿದ ಸೂಪಿನ ಉಪ್ಪಿನ ಸಾಂದ್ರತೆ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಆಮೇಲೆ ಆ ಆಲೂಗಡ್ಡೆಯನ್ನ ತಿಂದರೆ ಉಪ್ಪೂ ಹೋಗಲಿಲ್ಲ, ಕ್ಯಾಲೊರಿಯೂ ಸೇರಿತು. ಟಿನ್‌ನಲ್ಲಿ ನಿಜವಾಗಿ ಉಪ್ಪು ಇಳಿಸಬಹುದಾದದ್ದು ಕಾಳಿನದು. ರಾಜ್ಮಾ, ಕಡಲೆ ಟಿನ್ ಆದರೆ ನೀರು ಬಸಿದು, ನಲ್ಲಿ ನೀರಲ್ಲಿ ತೊಳೆದರೆ ಸೋಡಿಯಂ ಸುಮಾರು 40% ಇಳಿಯುತ್ತೆ. ಸೂಪಿನಲ್ಲಿ ಆ ಅವಕಾಶ ಇಲ್ಲ, ಹಂಚೋದೊಂದೇ ದಾರಿ. ಕಂಡೆನ್ಸ್ಡ್ ಟಿನ್‌ನ ಅರ್ಧವನ್ನ ನೀರಿನ ಬದಲು ಉಪ್ಪಿಲ್ಲದ ಕಟ್ಟಿನಲ್ಲಿ ಬಿಡಿಸಿ, ಉಳಿದರ್ಧವನ್ನ ಸ್ಟೀಲ್ ಅಥವಾ ಗಾಜಿನ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ಮೂರು ದಿನದೊಳಗೆ ಮುಗಿಸಿ. ತೆರೆದ ಟಿನ್‌ನಲ್ಲೇ ಬಿಡಬೇಡಿ. ಉಬ್ಬಿದ ಟಿನ್, ಅಂಚಿನಲ್ಲಿ ಸೋರಿದ ಟಿನ್ ಆದರೆ ರುಚಿ ಸಹ ನೋಡದೆ ಎಸೆಯಿರಿ.

ಬೋಗಾದಿ_ವಾಕ್
ಕಡಿಮೆ ಸೋಡಿಯಂ ಉಪ್ಪು ಅಂತ ಅಂಗಡಿಯಲ್ಲಿ ಸಿಗುತ್ತಲ್ಲ, ಮನೆ ಅಡುಗೆಗೆ ಅದನ್ನ ಹಾಕಿ ಸೂಪಿಗೆ ಜಾಗ ಮಾಡಿಕೊಳ್ಳಬಹುದಾ? ಇನ್ನೊಂದು, ಸೂಪು ಕುಡಿದ ಮಾರನೇ ದಿನ ತೂಕ ಮುಕ್ಕಾಲು ಕೆಜಿ ಜಾಸ್ತಿ ತೋರಿಸುತ್ತೆ ಅಂತ ಡಯಟ್ ಮಾಡೋರು ಬಹಳ ಜನ ಹೇಳ್ತಾರೆ. ಯಾಕೆ?

ಡಯಟ್_ಕೌಂಟರ್
ತೂಕದ್ದು ನೀರು. ಉಪ್ಪು ಜಾಸ್ತಿ ಹೋದರೆ ದೇಹ ಅದಕ್ಕೆ ತಕ್ಕ ನೀರು ಹಿಡಿದಿಟ್ಟುಕೊಳ್ಳುತ್ತೆ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ, ಒಂದು ಬಟ್ಟಲು ಸೂಪಿನಿಂದ ರಾತ್ರೋರಾತ್ರಿ ಅದು ಬರೋಕೆ ಸಾಧ್ಯವಿಲ್ಲ. ಎರಡು ಮೂರು ದಿನದಲ್ಲಿ ಇಳಿಯುತ್ತೆ. ಅದನ್ನ ನೋಡಿ ಮಾರನೇ ದಿನ ಊಟ ಬಿಡೋದು ದೊಡ್ಡ ತಪ್ಪು. ವಾರದ ಸರಾಸರಿ ತೂಕ ನೋಡಿ. ಆದರೆ ಕಾಲು ಊದಿಕೊಂಡರೆ, ಮೇಲುಸಿರು ಬಂದರೆ, ಅದು ಡಯಟ್ ವಿಷಯ ಅಲ್ಲ, ತಕ್ಷಣ ಡಾಕ್ಟರ್ ಹತ್ತಿರ ಹೋಗಬೇಕು.

ಕಡಿಮೆ ಸೋಡಿಯಂ ಉಪ್ಪಿನಲ್ಲಿ ಒಂದಷ್ಟು ಸೋಡಿಯಂ ಕ್ಲೋರೈಡ್ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರ್ತಾರೆ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ ಇದನ್ನ ಬಳಸಬಹುದು ಅಂತ ಸಲಹೆ ಕೊಟ್ಟಿದೆ. ಮಕ್ಕಳು, ಗರ್ಭಿಣಿಯರು, ಕಿಡ್ನಿ ತೊಂದರೆ ಇರೋರು ಅದರಲ್ಲಿ ಸೇರಿಲ್ಲ. ಬಿಪಿಗೆ ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್, ಇಲ್ಲವೇ ಸ್ಪೈರನೊಲ್ಯಾಕ್ಟೋನ್ ತಗೊಳ್ಳೋರು ಡಾಕ್ಟರನ್ನ ಕೇಳದೆ ಮುಟ್ಟಬೇಡಿ. ಈ ಮಾತ್ರೆಗಳೇ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲವು, ಅದು ಮಿತಿ ಮೀರಿದರೆ ಹೃದಯದ ಬಡಿತ ಏರುಪೇರಾಗುತ್ತೆ. ಕಿಡ್ನಿ ತೊಂದರೆ ಇರೋರಿಗೆ ಮೇಲೆ ಹೇಳಿದ ಕಟ್ಟಿನ ಸೂಪೂ ಸರಿಹೊಂದಲ್ಲ, ಬೇಳೆ ತರಕಾರಿಯ ಪೊಟ್ಯಾಸಿಯಂ ಬೇಯಿಸಿದ ನೀರಿಗೇ ಇಳಿದಿರುತ್ತೆ. ಎಳನೀರು, ಟೊಮೆಟೊ ಸೂಪು ಎರಡಕ್ಕೂ ಇದೇ ಮಾತು.

ಹಾಗಂತ ಉಪ್ಪನ್ನ ಪೂರ್ತಿ ಬಿಡೋದೂ ಬೇಡ. ಏಪ್ರಿಲ್ ಬಿಸಿಲಲ್ಲಿ ಕಬ್ಬಿನ ಗದ್ದೆಯಲ್ಲಿ ಇಡೀ ದಿನ ಬೆವರೋರ ಲೆಕ್ಕ ಬೇರೆ, ಆಫೀಸಿನಲ್ಲಿ ಕೂರೋರ ಲೆಕ್ಕ ಬೇರೆ. ನೀರಿನ ಮಾತ್ರೆ (ಮೂತ್ರ ಹೆಚ್ಚಿಸೋದು) ತಗೊಳ್ಳೋ ವಯಸ್ಸಾದವರಿಗೆ ರಕ್ತದಲ್ಲಿ ಸೋಡಿಯಂ ಕುಸಿಯೋದೂ ಉಂಟು.

ತಕ್ಕಡಿ_ಮಂಡ್ಯ
"ಸೂಪಿಗೆ ಎಷ್ಟು ಬಿಡಬಹುದು" ಅಂದರಲ್ಲ, ಅದಕ್ಕೆ ಮನೆಯ ಉಪ್ಪು ಎಷ್ಟು ಅಂತ ಮೊದಲು ಗೊತ್ತಾಗಬೇಕು. ಸುಲಭ ದಾರಿ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯೋದು. ನಾಲ್ಕು ಜನರ ಮನೆಯಲ್ಲಿ 1 ಕೆಜಿ ಉಪ್ಪು 30 ದಿನಕ್ಕೆ ಖಾಲಿ ಆದರೆ ತಲಾ 8 ಗ್ರಾಂ ಮೇಲಾಯ್ತು. ತಲಾ 5 ಗ್ರಾಂ ಆಗಬೇಕಾದರೆ 50 ದಿನ ಬರಬೇಕು. ಸೂಪಿಗೂ ಜಾಗ ಬೇಕಂದರೆ 60 ದಿನ ದಾಟಬೇಕು. ಆಗ ತಲಾ 4 ಗ್ರಾಂ ಚಿಲ್ಲರೆ, ಸೋಡಿಯಂ ಸುಮಾರು 1650. ಉಳಿಯೋದು 350. ಕಾಲು ಪ್ಯಾಕೆಟ್ ವಿಧಾನದ 300 ಅದರಲ್ಲಿ ಕೂರುತ್ತೆ, ಪೂರ್ತಿ ಬಟ್ಟಲಿನ 725 ಕೂರಲ್ಲ. ಉಪ್ಪಿನಕಾಯಿ ಹಾಕೋಕೆ ತೆಗೆದ ಉಪ್ಪನ್ನ ಈ ಲೆಕ್ಕದಿಂದ ಬೇರೆ ಇಡಿ.

ಕುವೆಂಪುನಗರ_ಸಂಜೆ
ಹಾಗಾದರೆ ಹೀಗೆ ಮಾಡಬಹುದಾ ನೋಡಿ. ವಾರಕ್ಕೆ ಮೂರು ದಿನ ಕಟ್ಟಿನ ಸೂಪು, ಊಟಕ್ಕೆ ಕಾಲು ಗಂಟೆ ಮುಂಚೆ. ಆಮೇಲೆ 60 ಗ್ರಾಂ ಹಿಟ್ಟಿನ ಸಣ್ಣ ಮುದ್ದೆ, ಒಂದು ಸೌಟು ಸೊಪ್ಪಿನ ಸಾರು, ಸೌತೆಕಾಯಿ, ಒಂದು ಹಪ್ಪಳ, ಸ್ವಲ್ಪ ಮಾವಿನ ಉಪ್ಪಿನಕಾಯಿ.

ಮದ್ದೂರು_ಬಸ್ಸಾರು
ಮುದ್ದೆ 190 ಕ್ಯಾಲೊರಿ, ಸರಿಯಾಗೈತೆ. ಮುದ್ದೆಗೆ ಉಪ್ಪು ಹಾಕೋ ಅಭ್ಯಾಸ ಇದ್ರೆ ಸೂಪಿನ ದಿನ ಬಿಡಿ, ಸಾರಲ್ಲಿ ಹೆಂಗೂ ಇರ್ತದೆ.

ಡಯಟ್_ಕೌಂಟರ್
ಸೂಪಿನ ದಿನ ಹಪ್ಪಳ, ಉಪ್ಪಿನಕಾಯಿ ಎರಡೂ ತೆಗೀರಿ ಮೇಡಂ. ಉದ್ದಿನ ಹಪ್ಪಳ ಒಂದಕ್ಕೆ ಸುಮಾರು 200 ಮಿಲಿಗ್ರಾಂ ಸೋಡಿಯಂ, ಉಪ್ಪಿನ ಜೊತೆಗೆ ಹಪ್ಪಳದ ಕಾರದಲ್ಲೂ (ಹಿಟ್ಟಿಗೆ ಹಾಕೋ ಸೋಡಾದಂಥ ಕ್ಷಾರ) ಸೋಡಿಯಂ ಇದೆ. ಉಪ್ಪಿನಕಾಯಿ 10 ಗ್ರಾಂ ಅಂದರೆ 400ರ ಮೇಲೆ. ಸೂಪಿನಲ್ಲಿ ಕಷ್ಟಪಟ್ಟು ಉಳಿಸಿದ್ದೆಲ್ಲ ತಟ್ಟೆಯ ಅಂಚಿನಲ್ಲಿ ವಾಪಸ್ ಬರುತ್ತೆ. ಬದಲಿಗೆ ಸೌತೆಕಾಯಿ ಮೇಲೆ ನಿಂಬೆ, ಮೆಣಸುಪುಡಿ. ಚಾಟ್ ಮಸಾಲ ಬೇಡ, ಅದರಲ್ಲಿ ಕಪ್ಪುಪ್ಪು ಇರುತ್ತೆ, ಅದೂ ಸೋಡಿಯಂ ಕ್ಲೋರೈಡೇ.